ಪಥ್ಯ ಹೇಳದ ಡಾಕ್ಟರು

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ, ಹೆಚ್ಚುಕಡಿಮೆ ಒಂದು ವರ್ಷ ಕಾಲ, ನನ್ನ ಉದ್ಯೋಗವೆಂದರೆ ಒಂದೇ ಶಬ್ದವನ್ನು ಬರೆಯುವುದಾಗಿತ್ತು. ಆ ಶಬ್ದ ‘ಇಲ್ಲ’. ಹಾಳೆಯ ಎಡಬದಿಯಲ್ಲಿ ಹದಿನಾಲ್ಕು ಪ್ರಶ್ನೆಗಳಿದ್ದವು: ವಾಂತಿ ಬರುತ್ತದೆಯೇ, ತಲೆ ತಿರುಗುತ್ತದೆಯೇ, ಮೈ ತುರಿಸುತ್ತದೆಯೇ, ಕಿವಿಯಲ್ಲಿ ಗುಂಯ್ ಎನ್ನುತ್ತದೆಯೇ, ಅಂಗಾಲು ಉರಿಯುತ್ತದೆಯೇ, ಹೀಗೆ. ಬಲಬದಿಯ ಖಾಲಿ ಜಾಗದಲ್ಲಿ ನಾನು ಹದಿನಾಲ್ಕು ಸಲ ‘ಇಲ್ಲ’ ಎಂದು ಬರೆಯುತ್ತಿದ್ದೆ. ಕಾಪುವಿನಲ್ಲಿ ಇಲ್ಲ, ಕಟಪಾಡಿಯಲ್ಲಿ ಇಲ್ಲ, ಉಡುಪಿಯಲ್ಲಿ ಇಲ್ಲ, ಕಾರ್ಕಳದಲ್ಲಂತೂ ಇಲ್ಲವೇ ಇಲ್ಲ. ನನ್ನ ಅಕ್ಷರ ಚೆಂದವೆಂದು ಶಾಲೆಯಲ್ಲಿ ಬಹುಮಾನ ಬಂದಿತ್ತು. ಆ ಚೆಂದದ ಅಕ್ಷರವೆಲ್ಲ ಈ ಒಂದು ಶಬ್ದಕ್ಕೇ ಖರ್ಚಾಯಿತು.

ಕೆಲಸ ಹೀಗಿತ್ತು. ಮಣಿಪಾಲದ ಗುಡ್ಡದ ಮೇಲೆ ಒಬ್ಬ ಡಾಕ್ಟರು ಒಂದು ಹೆಂಚಿನ ಮನೆಯನ್ನು ಬಾಡಿಗೆಗೆ ಹಿಡಿದು ಕ್ಷಯರೋಗದ ಅಧ್ಯಯನ ನಡೆಸುತ್ತಿದ್ದರು. ಅಲ್ಲಿಯವರೆಗೆ ಕ್ಷಯ ಬಂದವರನ್ನು ದೂರದ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿಸುತ್ತಿದ್ದರು. ಮನೆಯಲ್ಲಿಯೇ ಇದ್ದು, ಮಾತ್ರೆ ನುಂಗಿ, ತಮ್ಮ ಪಾಡಿಗೆ ತಾವು ಗುಣವಾಗಬಹುದೇ ಎಂಬುದು ಅವರ ಪ್ರಶ್ನೆ. ರೋಗಿಗಳನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಎರಡು ಬಗೆಯ ಮದ್ದು. ಅದರಲ್ಲಿ ಒಂದು ಉದ್ದಿನ ವಡೆಯಷ್ಟು ದಪ್ಪದ, ಕಹಿಯೋ ಕಹಿಯಾದ ಪುಡಿಯ ಬಿಲ್ಲೆ. ಇನ್ನೊಂದು ಗುಂಪಿಗೆ ಒಂದೇ ಬಗೆಯ ಸಣ್ಣ ಬಿಳಿ ಮಾತ್ರೆ, ಆದರೆ ಹೆಚ್ಚು ಪ್ರಮಾಣದಲ್ಲಿ. ಯಾವುದು ಗುಣ ಮಾಡುತ್ತದೆ, ಯಾವುದು ಎಷ್ಟು ತೊಂದರೆ ಕೊಡುತ್ತದೆ ಎಂದು ತಿಳಿಯಬೇಕು. ಗುಣವಾಯಿತೇ ಎಂಬುದನ್ನು ಎಕ್ಸ್‌ರೇ ಹೇಳುತ್ತಿತ್ತು. ತೊಂದರೆ ಎಂತ ಎಂಬುದನ್ನು ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡು ಬರಲು ನಾನು.

ಮೆಟ್ರಿಕ್ ಮುಗಿಸಿ, ಮದುವೆಯ ಮಾತಿಗೆಲ್ಲ ಸಿಡುಕಿ, ಶಿರ್ವದ ಮನೆಯಲ್ಲಿ ಅಮ್ಮನ ಕಣ್ಣಿಗೆ ಕಸವಾಗಿದ್ದ ದಿನಗಳವು. ನನಗೆ ಈ ಕೆಲಸ ಸಿಕ್ಕಿದ್ದು ಮೂರು ಭಾಷೆ ಬರುತ್ತದೆಂದು. ಮನೆಯಲ್ಲಿ ಕೊಂಕಣಿ, ಗದ್ದೆಯ ಬದುವಿನಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಡಾಕ್ಟರು ಮೈಸೂರು ಕಡೆಯವರು. ಅವರಿಗೆ ಕನ್ನಡ ಮತ್ತು ಇಂಗ್ಲಿಷ್ ಬಿಟ್ಟರೆ ನಮ್ಮ ಕರಾವಳಿಯ ಒಂದಕ್ಷರವೂ ಗೊತ್ತಿರಲಿಲ್ಲ. ಕ್ಷಯದವರ ಮನೆಗೆ ಹೋಗುವ ಕೆಲಸವೆಂದು ಕೇಳಿ ಅಮ್ಮ ಶಿಲುಬೆಯ ಗುರುತು ಮಾಡಿಕೊಂಡಳು. ಆಮೇಲೆ ಒಂದು ಕಾನೂನು ಮಾಡಿದಳು: ಸಂಜೆ ಬಂದವಳು ನೇರ ಬಚ್ಚಲಿಗೆ ಹೋಗಬೇಕು, ಮಿಂದು ಸೀರೆ ಬದಲಾಯಿಸಿಯೇ ಒಳಗೆ ಕಾಲಿಡಬೇಕು. ಎರಡು ವರ್ಷ ನಾನು ನನ್ನ ಮನೆಯ ಹೆಬ್ಬಾಗಿಲಿನಿಂದ ಒಳಗೆ ಹೋದದ್ದೇ ಇಲ್ಲ. ಅದಕ್ಕೆ ದಿನವೂ ಜಗಳವಾಡಿದೆ, ದಿನವೂ ಮಿಂದೆ.

ಮೊದಲ ಕೆಲವು ತಿಂಗಳು ‘ಇಲ್ಲ’ಗಳನ್ನು ಕಂಡು ಡಾಕ್ಟರಿಗೆ ಆನಂದವಾಯಿತು. ಮದ್ದು ಇಷ್ಟು ಸಲೀಸಾಗಿ ಇಳಿಯುತ್ತದೆಯೆಂದು ಅವರು ಎಣಿಸಿರಲಿಲ್ಲ. ಆಮೇಲೆ ಅವರಿಗೆ ಗುಮಾನಿ ಬಂತು. ಯಾರಿಗೂ ಹೇಳದೆ ಅವರೇ ಆ ವಡೆಯಂಥ ಬಿಲ್ಲೆಗಳನ್ನು ಒಂದು ವಾರ ತಿಂದರು. ಎರಡನೆಯ ದಿನವೇ ಕಚೇರಿಯ ಹಿಂದಿನ ಗೇರುಮರದ ಬುಡದಲ್ಲಿ ಬಗ್ಗಿ ನಿಂತಿದ್ದರು. ವಾರದ ಕೊನೆಗೆ ಮುಖ ಸಪ್ಪೆ ಮಾಡಿಕೊಂಡು ನನ್ನನ್ನು ಕರೆದರು.

"ಏನ್ರೀ ಇದು? ನನಗೆ ಮಜ್ಜಿಗೆ ನೀರು ಕೂಡ ನಿಲ್ಲಲಿಲ್ಲ. ನಿಮ್ಮ ಊರಿನವರಿಗೆ ಒಬ್ಬರಿಗೂ ಏನೂ ಆಗೋದಿಲ್ವೇ?"

"ನಮ್ಮವರು ಗಟ್ಟಿ, ಸರ್" ಎಂದೆ. ಹೇಳುವಾಗ ಸ್ವಲ್ಪ ಹೆಮ್ಮೆಯೂ ಆಯಿತು. ಆ ಹೆಮ್ಮೆಯನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಎರಡು ಬಾರಿಸಬೇಕೆನಿಸುತ್ತದೆ.

ಯಾಕೆಂದರೆ ಸಂಗತಿ ನನಗೆ ಅರ್ಧ ಗೊತ್ತಿತ್ತು. ನಮ್ಮ ಕಡೆ ಒಬ್ಬರ ಮನೆಯಲ್ಲಿ ಉಂಡು ಸಾರಿಗೆ ಉಪ್ಪು ಕಡಿಮೆ ಎನ್ನುವುದುಂಟೇ? ಚೆನ್ನಾಗಿತ್ತು ಎಂದು ಕೈ ತೊಳೆಯುತ್ತೇವೆ. ಪುಕ್ಕಟೆ ಮದ್ದು ಕೊಟ್ಟು, ಬಸ್ಸಿನಲ್ಲಿ ಹುಡುಗಿಯನ್ನು ಕಳಿಸಿ, ಹೇಗಿದ್ದೀರಿ ಎಂದು ಕೇಳುವ ಡಾಕ್ಟರಿಗೆ ‘ನಿಮ್ಮ ಮದ್ದಿನಿಂದ ವಾಂತಿಯಾಯಿತು’ ಎನ್ನಲು ಯಾರಿಗೆ ನಾಲಗೆ ಏಳುತ್ತದೆ? "ಎಂತ ತೊಂದರೆ ಇಲ್ಲ, ನೀವು ಬೆಲ್ಲ ನೀರು ಕುಡಿಯಿರಿ" ಎನ್ನುತ್ತಿದ್ದರು. ನಾನು ಬೆಲ್ಲ ತಿಂದು ನೀರು ಕುಡಿದು ಬರೆದುಕೊಳ್ಳುತ್ತಿದ್ದೆ. ಕೊನೆಕೊನೆಗೆ ಅದೂ ಬೇಡವೆನಿಸಿತು. ಎಲ್ಲರೂ ಇಲ್ಲ ಎನ್ನುವವರೇ ಆದಮೇಲೆ ಅವರ ಅಂಗಳದಲ್ಲಿ ಕುಳಿತು ಬರೆಯುವುದೇಕೆ? ಕಟಪಾಡಿಯಲ್ಲಿ ಬಸ್ಸಿಗೆ ಕಾಯುವಾಗಲೇ ಆ ದಿನದ ಹಾಳೆಗಳನ್ನೆಲ್ಲ ತುಂಬಿಸಿಬಿಡುತ್ತಿದ್ದೆ. ಆಮೇಲೆ ಮನೆಗಳಿಗೆ ಹೋಗಿ ಮಾತ್ರೆಯ ಪೊಟ್ಟಣ ಕೊಟ್ಟು, ನಾಲ್ಕು ಮಾತಾಡಿ ಬರುವುದು. ಕಳ್ಳತನವೆಂದು ಆಗ ಅನಿಸಿಯೇ ಇರಲಿಲ್ಲ. ಜಾಣತನವೆಂದೇ ಎಣಿಸಿದ್ದೆ.

ಕಾಪುವಿನ ಕಡಲ ಬದಿಯಲ್ಲಿ ನನ್ನ ಪಟ್ಟಿಯವಳೊಬ್ಬಳಿದ್ದಳು, ಮೀನು ಮಾರುವವಳು. ನಲವತ್ತರ ಆಸುಪಾಸು, ಗಂಡ ತೀರಿಕೊಂಡು ಅಣ್ಣನ ಜೊತೆ ಇದ್ದಳು. ಅಣ್ಣ ದೋಣಿಗೆ ಹೋಗುತ್ತಿದ್ದ, ಇವಳು ತಲೆಯ ಮೇಲೆ ಬುಟ್ಟಿ ಹೊತ್ತು ಬರಿಗಾಲಿನಲ್ಲಿ ಕಾಪುವಿನಿಂದ ಕಟಪಾಡಿಗೆ, ಅಲ್ಲಿಂದ ಒಳದಾರಿಯಲ್ಲಿ ಶಿರ್ವದವರೆಗೆ ಓಡುತ್ತಿದ್ದಳು. ಓಡುತ್ತಿದ್ದಳು ಎಂದೇ ಬರೆಯಬೇಕು. ಮೀನು ಹೊತ್ತವರು ನಡೆಯುವುದಿಲ್ಲ. ಮೊದಲು ತಲುಪಿದವಳದ್ದೇ ವ್ಯಾಪಾರ. ಆ ದಾರಿಯ ಒಂದೊಂದು ಮನೆಯ ಅಡುಗೆಮನೆಯೂ ಅವಳಿಗೆ ಗೊತ್ತು. ಯಾರ ಸೊಸೆ ಬಂಗುಡೆಗೆ ಹುಳಿ ಜಾಸ್ತಿ ಹಾಕುತ್ತಾಳೆ, ಯಾರ ಮಾವ ತಲೆಯ ತುಂಡಿಗೆ ಜಗಳವಾಡುತ್ತಾನೆ ಎಲ್ಲ ಹೇಳುತ್ತಿದ್ದಳು. ಅವಳ ಬಾಯಿಗೆ ನಾನೂ ಹೆದರುತ್ತಿದ್ದೆ.

ಅವಳದ್ದು ಒಂದೇ ಬಗೆಯ ಮದ್ದಿನ ಗುಂಪು, ಎಂದರೆ ಸಣ್ಣ ಬಿಳಿ ಮಾತ್ರೆಯದ್ದು. ಮಳೆಗಾಲ ಶುರುವಾಗುವಾಗ ಸೇರಿಕೊಂಡಳು. ಹೇಗೂ ದೋಣಿಗಳು ದಡದಲ್ಲಿರುವ ಕಾಲ, ಮನೆಯಲ್ಲಿ ಕುಳಿತು ಮದ್ದು ತಿಂದಳು. ಮಳೆ ನಿಲ್ಲುವ ಹೊತ್ತಿಗೆ ಕಫದಲ್ಲಿ ರೋಗಾಣು ಕಾಣಲಿಲ್ಲ, ಡಾಕ್ಟರು ಕೆಲಸಕ್ಕೆ ಹೋಗಬಹುದೆಂದರು. ಮಾತ್ರೆಯನ್ನು ಮಾತ್ರ ಪೂರ್ತಿ ಒಂದು ವರ್ಷ ಬಿಡಕೂಡದು. ಬಿಟ್ಟರೆ ರೋಗ ಮರಳಿ ಬರುತ್ತದೆ, ಬಂದದ್ದು ಈ ಮದ್ದಿಗೆ ಬಗ್ಗುವುದಿಲ್ಲ ಎಂದು ಖಂಡಿತವಾಗಿ ಹೇಳಿದ್ದರು.

ಕ್ಷಯವಿತ್ತೆಂದು ತಿಳಿದರೆ ಅವಳ ಬುಟ್ಟಿಯ ಮೀನನ್ನು ಯಾರು ತೆಗೆದುಕೊಳ್ಳುತ್ತಾರೆ? ಹಾಗಾಗಿ ಅವಳೊಂದು ನಾಟಕ ಹೂಡಿದ್ದಳು. ನೆರೆಕರೆಗೆಲ್ಲ ನಾನು ಶಿರ್ವದಿಂದ ಮೀನು ಆರಿಸಲು ಬರುವ ‘ಬಾಯಿ’, ಎಂದರೆ ಕ್ರಿಶ್ಚಿಯನ್ನರ ಮನೆಯ ಹೆಂಗಸು. ನಾನು ಹೋದಕೂಡಲೇ ಬುಟ್ಟಿ ಮುಂದಿಟ್ಟು ಊರಿಗೆ ಕೇಳುವಂತೆ ಚೌಕಾಶಿ ಮಾಡುತ್ತಿದ್ದಳು. ಬೂತಾಯಿ ಮೀನಿನ ಕೆಳಗಿನಿಂದ ನನ್ನ ಪೊಟ್ಟಣ ಅವಳ ಮಡಿಲಿಗೆ ಹೋಗುತ್ತಿತ್ತು. ನಾಟಕ ನಿಜವೆನಿಸಬೇಕಾದರೆ ನಾನು ಮೀನು ತೆಗೆದುಕೊಂಡೇ ಬರಬೇಕು. ವಾರಕ್ಕೊಮ್ಮೆ ಮೀನಿನ ಚೀಲ ಹಿಡಿದುಕೊಂಡು ಮಣಿಪಾಲದ ಕಚೇರಿಗೆ ಹೋದರೆ, ಈರುಳ್ಳಿಯನ್ನೂ ಮುಟ್ಟದ ನಮ್ಮ ಡಾಕ್ಟರು ಮೂಗು ಹಿಡಿದುಕೊಂಡು ಗೇರುಮರವನ್ನು ತೋರಿಸುತ್ತಿದ್ದರು. ಚೀಲವನ್ನು ಅದರ ಕೊಂಬೆಗೆ ತೂಗುಹಾಕಿ ನಾನು ಒಳಗೆ ಬರುತ್ತಿದ್ದೆ. ಗುಡ್ಡದ ಕಾಗೆಗಳಿಗೆ ನನ್ನ ಬಸ್ಸಿನ ಸಮಯ ಗೊತ್ತಾಗಿತ್ತು.

ದೀಪಾವಳಿ ಕಳೆದ ಮೇಲಿನ ಒಂದು ಬೆಳಿಗ್ಗೆ ಹೋದಾಗ ಅವಳು ಆಗಷ್ಟೇ ಸೆಗಣಿ ಸಾರಿಸಿದ ಚಾವಡಿಯಲ್ಲಿ ಆಚೆ ಈಚೆ ಓಡಾಡುತ್ತಿದ್ದಳು. ನನ್ನ ಚೀಲದಲ್ಲಿ ಅವಳ ಹಾಳೆ ಇತ್ತು, ಅಂದಿನ ತಾರೀಕು ಹಾಕಿ, ಹದಿನಾಲ್ಕು ‘ಇಲ್ಲ’ ತುಂಬಿ. ಅವಳು ನಡೆದಲ್ಲೆಲ್ಲ ನೆಲದ ಮೇಲೆ ಕೆಂಪು ಚುಕ್ಕೆಗಳು ಬೀಳುತ್ತಿದ್ದವು. ಕುಂಕುಮ ಚೆಲ್ಲಿತೇ ಎಂದು ನೋಡಿದೆ. ನೋಡಿದರೆ ಅವಳ ಬಲಗಾಲಿನ ಹಿಮ್ಮಡಿಯಲ್ಲಿ ಮರುವಾಯಿ ಚಿಪ್ಪಿನ ಚೂರೊಂದು ಅರ್ಧಕ್ಕರ್ಧ ಹೊಕ್ಕಿತ್ತು.

"ಕಾಲು! ಕಾಲು ನೋಡಿ!" ಎಂದು ಚೀರಿದೆ.

ಅವಳು ಕಾಲು ಎತ್ತಿ ನೋಡಿ, ನೆಲ ನೋಡಿ, "ಅಯ್ಯೋ, ಈಗಷ್ಟೇ ಸಾರಿಸಿದ್ದು" ಎಂದಳು. ಚಿಪ್ಪನ್ನು ಕಿತ್ತು ಎಸೆದಳು. ಮುಖದ ಒಂದು ಗೆರೆಯೂ ಅಲುಗಲಿಲ್ಲ.

"ನೋಯುವುದಿಲ್ವಾ ನಿಮಗೆ?"

"ಎಂತ ನೋವು? ಎಂತ ಇಲ್ಲ ಮಾರಾಯ್ತಿ."

ನಾನು ಅವಳ ಎದುರು ಕುಕ್ಕರುಗಾಲಿನಲ್ಲಿ ಕುಳಿತು ಆ ಪಾದವನ್ನು ಹಿಡಿದುಕೊಂಡೆ. ಅಲ್ಲಿಯವರೆಗೆ ಎಷ್ಟು ಸಲ ಆ ಮನೆಗೆ ಹೋಗಿದ್ದೆ. ಒಂದು ದಿನವೂ ಅವಳ ಕಾಲು ನೋಡಿರಲಿಲ್ಲ. ಅಂಗಾಲಿನ ತುಂಬ ಗಾಯದ ಕಲೆಗಳಿದ್ದವು, ಹಳೆಯವು, ಹೊಸವು. ತಲೆಯ ಹೇರ್‌ಪಿನ್ ತೆಗೆದು ಬೆರಳ ತುದಿಗೆ ಒತ್ತಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಒತ್ತಿದ್ದು ಗೊತ್ತಾಗಲೇ ಇಲ್ಲ ಅವಳಿಗೆ. ನನಗೆ ಸಿಟ್ಟು ನೆತ್ತಿಗೇರಿತು.

"ಎಷ್ಟು ದಿನದಿಂದ ಹೀಗೆ? ನಿಜ ಹೇಳದಿದ್ದರೆ ಇಲ್ಲಿಂದ ಏಳುವುದಿಲ್ಲ ನಾನು."

ಆಗ ಅವಳು ಹೇಳಿದಳು. ನವರಾತ್ರಿಗೆ ಮೊದಲೇ ಅಂಗಾಲು ಉರಿಯಲು ಶುರುವಾಗಿತ್ತಂತೆ. ಕೆಂಡದಂತೆ ಉರಿ. ಒದ್ದೆ ಮರಳಿನಲ್ಲಿ ಕಾಲು ಹುಗಿದು ಕುಳಿತುಕೊಳ್ಳುತ್ತಿದ್ದಳಂತೆ. ಆಮೇಲೆ ಉರಿ ಕಡಿಮೆಯಾಗಿ ಕಾಲೇ ಇಲ್ಲದ ಹಾಗೆ ಆಯಿತು. ಎರಡು ಸಲ ಕಟಪಾಡಿಯ ದಾರಿಯಲ್ಲಿ ಬುಟ್ಟಿ ಸಮೇತ ಬಿದ್ದಿದ್ದಳು. ಶಿರ್ವಕ್ಕೆ ಹೋಗುವುದನ್ನು ಬಿಟ್ಟು ಹದಿನೈದು ದಿನವಾಗಿತ್ತು.

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದರೆ ಆ ಡಾಕ್ಟರಿಗೆ ಬೇಜಾರಾಗ್ತದೆ ಅಲ್ವಾ? ಪಾಪ, ಅಷ್ಟು ಒಳ್ಳೆಯ ಜನ. ಕೆಮ್ಮು ಹೋಯ್ತು, ರಕ್ತ ಹೋಯ್ತು. ಇನ್ನು ಇದೊಂದು ಅಂತ ದೂರು ಹೇಳುವುದು ಹೇಗೆ?" ಎಂದಳು. ಆಮೇಲೆ ದನಿ ತಗ್ಗಿಸಿ, "ಈ ವಾರದಿಂದ ಮಾತ್ರೆ ನಿಲ್ಲಿಸುತ್ತೇನೆ. ನೀವು ತನ್ನಿ, ನಾನು ತೆಗೆದುಕೊಳ್ಳುತ್ತೇನೆ, ಕಡಲಿಗೆ ಹಾಕುತ್ತೇನೆ. ನಿಮ್ಮ ಪುಸ್ತಕಕ್ಕೆ ಎಂತ ತೊಂದರೆ ಇಲ್ಲ. ಕಾಲಿಲ್ಲದೆ ನಾನು ಬದುಕುವುದು ಹೇಗೆ, ನೀವೇ ಹೇಳಿ" ಎಂದಳು.

ಅವಳ ಲೆಕ್ಕ ಸರಿಯಾಗಿಯೇ ಇತ್ತು. ಮಾತ್ರೆ ತಿಂದರೆ ಕಾಲು ಹೋಗುತ್ತದೆ, ಬಿಟ್ಟರೆ ಜೀವವೇ ಹೋಗುತ್ತದೆ. ಈ ಎರಡರಲ್ಲಿ ಯಾವುದೆಂದು ಆರಿಸಿಕೊಳ್ಳಲು ಅವಳನ್ನು ಒಬ್ಬಳನ್ನೇ ಬಿಟ್ಟು, ನಾನು ಕಟಪಾಡಿಯ ಕಟ್ಟೆಯ ಮೇಲೆ ಕುಳಿತು ಚೆಂದದ ಅಕ್ಷರ ಬರೆಯುತ್ತಿದ್ದೆ. ಮಾತ್ರೆ ನಿಲ್ಲಿಸಬೇಡಿ, ನಾಲ್ಕು ದಿನ ಕೊಡಿ ಎಂದು ಬೇಡಿಕೊಂಡೆ. ಅವಳು ಒಪ್ಪಲೂ ಇಲ್ಲ, ಇಲ್ಲವೆನ್ನಲೂ ಇಲ್ಲ. ಉಂಡು ಹೋಗಿ ಎಂದಳು.

ಬಡಿಸಿದ್ದು ಗಂಜಿ ಮತ್ತು ಮಾವಿನ ಮಿಡಿ. ಮೀನು ಮಾರುವವಳ ಮನೆಯಲ್ಲಿ, ಬುಟ್ಟಿಯಲ್ಲಿ ಬೂತಾಯಿ ಹೊಳೆಯುತ್ತಿರುವಾಗ, ಬರೀ ಗಂಜಿ! ಅಣ್ಣನ ಗಂಜಿಯ ಪಕ್ಕದಲ್ಲಿ ಮಾತ್ರ ಮೀನಿನ ಸಾರು ಇತ್ತು. ಕೇಳಿದರೆ ಪಥ್ಯವಂತೆ.

"ಡಾಕ್ಟರು ಯಾವ ಪಥ್ಯವನ್ನೂ ಹೇಳಲಿಲ್ಲವಲ್ಲ!"

"ಅದೇ ಅಲ್ವಾ ನಮಗೂ ಆಶ್ಚರ್ಯ! ಮದ್ದು ಕೊಟ್ಟು ಪಥ್ಯ ಹೇಳದ ಡಾಕ್ಟರು ಎಲ್ಲಿಯಾದರೂ ಉಂಟಾ? ಪ್ರಾಯ ಸಣ್ಣದು, ಮರೆತಿರಬೇಕು ಎಂದು ನಾವೇ ಕಟಪಾಡಿಯ ಪಂಡಿತರಲ್ಲಿ ಹೋಗಿ ಕೇಳಿಕೊಂಡು ಬಂದೆವು."

"ನಾವು ಅಂದರೆ ಯಾರು?"

"ನಿಮ್ಮ ಮದ್ದು ತಿನ್ನುವವರೆಲ್ಲ, ಎಕ್ಸ್‌ರೇಗೆ ಕಾಯುವಾಗ ಗುರುತಾದವರು" ಎಂದಳು.

ಆ ಮಧ್ಯಾಹ್ನ ಮೀನಿನ ಚೀಲವನ್ನು ಗೇರುಮರಕ್ಕೆ ಹಾಕುವುದನ್ನೂ ಮರೆತು ಡಾಕ್ಟರ ಕೋಣೆಗೆ ನುಗ್ಗಿದೆ. ಎಲ್ಲವನ್ನೂ ಹೇಳಿದೆ. ಹೇಳಿ ಮುಗಿಸಿ, ಚೀಲದಿಂದ ಆ ದಿನದ ಹಾಳೆಗಳನ್ನು ತೆಗೆದು ಮೇಜಿನ ಮೇಲಿಟ್ಟು, ಇವನ್ನು ಬಸ್ಸಿಗೆ ಕಾಯುವಾಗಲೇ ಬರೆದದ್ದು ಎಂದೂ ಹೇಳಿದೆ. ಇನ್ನು ಮನೆಗೆ ಕಳಿಸುತ್ತಾರೆ, ಅಮ್ಮ ಯಾವುದಾದರೂ ವರನ ಮುಂದೆ ನಿಲ್ಲಿಸುತ್ತಾಳೆ ಎಂದು ಖಾತ್ರಿಯಾಗಿತ್ತು.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಕಪಾಟಿನಿಂದ ಒಂದು ವರ್ಷದ ಹಾಳೆಗಳ ಕಟ್ಟುಗಳನ್ನು ಇಳಿಸಿ, ಕೆಂಪು ಪೆನ್ಸಿಲ್ ತೆಗೆದುಕೊಂಡು, ಒಂದೊಂದರ ಮೇಲೂ ಮೂಲೆಯಿಂದ ಮೂಲೆಗೆ ಗೆರೆ ಎಳೆಯತೊಡಗಿದರು. ನನಗೂ ಒಂದು ಪೆನ್ಸಿಲ್ ಕೊಟ್ಟರು. ನನ್ನ ಅಕ್ಷರವನ್ನು ನಾನೇ ಹೊಡೆದುಹಾಕುತ್ತ ಕಣ್ಣೀರು ಹಾಕಿದೆ. ಸಂಜೆಯಾಗುವ ಹೊತ್ತಿಗೆ ಅವರೆಂದರು, "ತಪ್ಪು ನಂದೂ ಇದೆ ಕಣಮ್ಮ. ಎಲ್ಲ ಇಲ್ಲ ಇಲ್ಲ ಅಂತ ಬಂದಾಗ ನನಗೆ ಖುಷಿಯಾಯ್ತಲ್ಲ, ಅವತ್ತೇ ಬಸ್ ಹತ್ತಿ ಬರಬೇಕಾಗಿತ್ತು."

ಆಮೇಲೆ ಮದ್ದಿನ ವಿಷಯ ವಿವರಿಸಿದರು. ಆ ಬಿಳಿ ಮಾತ್ರೆ ಮೈಯಲ್ಲಿರುವ ಒಂದು ಜೀವಸತ್ವವನ್ನು ಸೋರಿಸಿಬಿಡುತ್ತದೆ. ಅದು ಖಾಲಿಯಾದರೆ ಮೊದಲು ಅಂಗಾಲು ಉರಿಯುತ್ತದೆ, ಆಮೇಲೆ ಜೋಮು ಹಿಡಿಯುತ್ತದೆ. ಸರಿಯಾಗಿ ಉಣ್ಣುವವರಿಗೆ ಅಷ್ಟು ಬೇಗ ಹಾಗಾಗುವುದಿಲ್ಲ. ಮೀನು, ಕಾಳು, ಬಾಳೆಹಣ್ಣಿನಲ್ಲೆಲ್ಲ ಅದು ಇದೆ. ಕರಾವಳಿಯಲ್ಲಿ ಮೀನಿಗೇನು ಬರಗಾಲ ಎಂದು ಧೈರ್ಯವಾಗಿದ್ದರಂತೆ. ನಮ್ಮವರೋ ಮದ್ದಿಗೆ ಮರ್ಯಾದೆ ಕೊಡಲೆಂದು ಮೀನನ್ನೂ ಕಾಳನ್ನೂ ಬಿಟ್ಟು ಗಂಜಿಗೆ ಬಂದಿದ್ದರು. ಮದ್ದು ಒಂದು ಕಡೆಯಿಂದ ಸೋರಿಸಿತು, ಪಥ್ಯ ಇನ್ನೊಂದು ಕಡೆಯಿಂದ ಬಾಗಿಲು ಹಾಕಿತು.

"ಆ ಜೀವಸತ್ವದ ಮಾತ್ರೆ ಕೊಡಬಹುದಲ್ಲ, ಸರ್?"

"ಕೊಡಬಹುದು. ಆದರೆ ಅಧ್ಯಯನದ ನಿಯಮದಲ್ಲಿ ಅದಿಲ್ಲ. ನಡುವೆ ಹೊಸದೊಂದನ್ನು ಸೇರಿಸಿದರೆ ಎರಡು ಗುಂಪನ್ನು ಹೋಲಿಸಿದ್ದು ಕೆಡುತ್ತೆ." ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚಿದರು. "ಕೆಡಲಿ ಬಿಡಿ. ಕಾಲು ಕೆಡಬಾರದು. ಇದನ್ನು ನಡೆಸೋ ಮೇಲಿನ ದೊಡ್ಡವರಿಗೆ ಕಾಗದ ಬರೀತೀನಿ, ಉತ್ತರ ಬರೋ ತನಕ ಕಾಯೋಲ್ಲ."

ಮರುದಿನ ನಾವಿಬ್ಬರೂ ಕಾರ್ಕಳದ ಬಸ್ಸು ಹತ್ತಿದೆವು. ಅಲ್ಲಿ ಬಂಡೆ ಒಡೆಯುವ ಒಬ್ಬ ರೋಗಿಯಿದ್ದ, ಎಂದೂ ಒಂದು ಮಾತು ದೂರಿದವನಲ್ಲ. ಡಾಕ್ಟರು ಅವನ ಕಾಲು ಮುಟ್ಟಿದರೆ ಅವನಿಗೆ ನಾಚಿಕೆಯಾಗಿ ಎದ್ದೇ ನಿಂತ. ಹಿಡಿದು ಕೂರಿಸಿ ಪರೀಕ್ಷಿಸಿದರೆ ಅಲ್ಲೂ ಅಂಗಾಲಿನಲ್ಲಿ ಉರಿ, ಅಲ್ಲೂ ಗಂಜಿ ಉಪ್ಪಿನಕಾಯಿ. ಪಥ್ಯ ಬಸ್ಸು ಹತ್ತಿ ಕಟಪಾಡಿಯಿಂದ ಕಾರ್ಕಳದವರೆಗೂ ಹೋಗಿತ್ತು.

ಪಂಡಿತರ ಮನೆಗೆ ಹೋಗುವಾಗ ಜಗಳವಾಗುತ್ತದೆಂದು ನಾನು ಸೆರಗು ಬಿಗಿದು ತಯಾರಾಗಿದ್ದೆ. ಹೋದರೆ ಅವರು ಚಾಪೆ ಹಾಸಿ ಪಾನಕ ಕೊಟ್ಟರು. "ನೀವು ಎಂತ ಪಥ್ಯವನ್ನೂ ಹೇಳಿರಲಿಲ್ಲ. ಅಷ್ಟು ದೂರದಿಂದ ಬಂದು ಕೇಳುವವರನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ? ಇಂಗ್ಲಿಷ್ ಮದ್ದು ಉಷ್ಣ ಎಂದು ಕೇಳಿದ್ದೆ. ಅದಕ್ಕೆ ನಂಜು ಆಗುವುದನ್ನೆಲ್ಲ ನಿಲ್ಲಿಸಿದೆ" ಎಂದರು. ಡಾಕ್ಟರು ಆ ಪಟ್ಟಿಯನ್ನು ಬರೆದುಕೊಂಡರು: ಮೀನು, ಬದನೆ, ಉದ್ದು, ಕಡಲೆ, ಹುರುಳಿ. ಬರೆದುಕೊಂಡು, ಇನ್ನು ಪಥ್ಯವೇ ಬೇಡವೆಂದು ಎಲ್ಲರಿಗೂ ಹೇಳಿಬಿಡಿ ಎಂದರು. ಪಂಡಿತರು ನಕ್ಕರು. "ಹೇಳಬಹುದು. ಆಗ ಜನ ನಿಮ್ಮನ್ನೂ ಬಿಡುತ್ತಾರೆ, ನನ್ನನ್ನೂ ಬಿಟ್ಟು ಮೂರನೆಯವರಲ್ಲಿ ಹೋಗುತ್ತಾರೆ. ಎಂತಾದರೂ ಒಂದನ್ನು ನಿಲ್ಲಿಸಲೇಬೇಕು, ಡಾಕ್ಟರೇ."

ಎಂತ ನಿಲ್ಲಿಸುವುದು ಎಂಬ ಚರ್ಚೆ ಒಂದು ಗಂಟೆ ನಡೆಯಿತು. ಬದನೆಯನ್ನು ನಿಲ್ಲಿಸಿದರಾಯಿತು ಎಂದೆ ನಾನು. ಕಟಪಾಡಿಯ ಪಕ್ಕದಲ್ಲೇ ಗುಳ್ಳ ಬದನೆ ಬೆಳೆಯುವವರಿದ್ದಾರೆ, ಅವರಿಗೆ ಸಿಟ್ಟು ಬಂದೀತು ಎಂದರು ಪಂಡಿತರು. ಹಾಗಲಕಾಯಿ ಎಂದರೆ, ಅದನ್ನು ಬಿಡಲು ಯಾರಿಗೆ ಕಷ್ಟ, ಕಷ್ಟವಾಗದ್ದು ಪಥ್ಯವೇ ಅಲ್ಲ ಎಂದರು. ಡಾಕ್ಟರದ್ದು ಬೇರೆಯೇ ಹಟ: ಕೆಟ್ಟದೆಂದು ನನಗೆ ಗೊತ್ತಿಲ್ಲದ ಯಾವುದನ್ನೂ ನಾನು ಕೆಟ್ಟದೆಂದು ಬರೆದುಕೊಡುವುದಿಲ್ಲ, ನನ್ನ ಅಧ್ಯಯನದಲ್ಲಿ ಇನ್ನೊಂದು ಸುಳ್ಳು ಬೇಡ. ಕೊನೆಗೆ ಅವರೇ ಥಟ್ಟನೆ ತಲೆಯೆತ್ತಿ, "ಹೊಗೆಸೊಪ್ಪು!" ಎಂದರು. ಬೀಡಿ, ನಶ್ಯ, ಎಲೆಅಡಿಕೆಯ ಜೊತೆಯ ಹೊಗೆಸೊಪ್ಪು, ಎಲ್ಲವೂ ಬಂದ್. ನಿಜಕ್ಕೂ ಕೆಟ್ಟದ್ದು, ಬಿಡಲು ನಿಜಕ್ಕೂ ಕಷ್ಟ. ಪಂಡಿತರಿಗೆ ಆನಂದವಾಯಿತು. ಅವರ ಬಾಯಲ್ಲೇ ಆಗ ಹೊಗೆಸೊಪ್ಪು ಇತ್ತು.

ಕಾಪುವಿಗೆ ಡಾಕ್ಟರು ಕೋಟು ಬಿಟ್ಟು, ಮೀನು ಆರಿಸುವವರ ಹಾಗೆ ಚೀಲ ಹಿಡಿದುಕೊಂಡು ಬಂದರು. ನಾಟಕಕ್ಕೆ ಒಬ್ಬ ನಟ ಹೆಚ್ಚಾದ. ಮೀನಿನ ಚಪ್ಪರದ ವಾಸನೆಗೆ ಬಿಳುಚಿಕೊಂಡರೂ ಒಳಗೆ ಕುಳಿತು, ತಮ್ಮ ಕೈಯಾರೆ ಪಥ್ಯದ ಚೀಟಿ ಬರೆದರು. ದಿನಕ್ಕೆ ಒಂದು ಹೊಸ ಮಾತ್ರೆ. ದಿನಕ್ಕೆ ನಾಲ್ಕು ಬೂತಾಯಿ ಅಥವಾ ಎರಡು ಬಂಗುಡೆ, ತಪ್ಪಿಸುವಂತಿಲ್ಲ. ಹೆಸರುಕಾಳು, ಬಾಳೆಹಣ್ಣು. ಹೊಗೆಸೊಪ್ಪು ಕಟ್ಟುನಿಟ್ಟಾಗಿ ವರ್ಜ್ಯ. ನಾನು ಓದಿ ಹೇಳಿದೆ.

ಮೀನಿನ ಮಾತು ಕೇಳುವಾಗ ಅವಳ ಮುಖ ಅರಳಿತು. ಹೊಗೆಸೊಪ್ಪಿಗೆ ಬರುವಾಗ ಕಣ್ಣು ಕೆಂಪಾಯಿತು. "ಇದು ಯಾವ ನ್ಯಾಯ? ಹಲ್ಲು ಬಂದಲ್ಲಿಂದ ಹಾಕುತ್ತಿದ್ದೇನೆ. ಈ ಮನುಷ್ಯ ಮೀನು ಮೂಸಿ ನೋಡಲಿಕ್ಕೂ ಆಗದವ, ನನಗೆ ಮೀನಿನ ಲೆಕ್ಕ ಹೇಳುತ್ತಾನೆ!" ಎಂದು ತುಳುವಿನಲ್ಲಿ ಇನ್ನೂ ಏನೇನೋ ಹೇಳಿದಳು. ಡಾಕ್ಟರು ನನ್ನತ್ತ ನೋಡಿದರು. "ಪಥ್ಯ ಒಳ್ಳೆಯದಾಯಿತು ಎನ್ನುತ್ತಿದ್ದಾರೆ" ಎಂದೆ. ಅಣ್ಣ ಬಾಗಿಲ ಹಿಂದೆ ನಿಂತು ಬಾಯಿ ಮುಚ್ಚಿಕೊಂಡು ನಗುತ್ತಿದ್ದ. ಅವಳು ಚೀಟಿಯನ್ನು ಮಡಚಿ ದೇವರ ಪಟದ ಹಿಂದೆ ಸಿಕ್ಕಿಸಿದಳು.

ಕಾಲು ಸರಿಯಾಗುತ್ತದೆಯೇ ಎಂದು ಅವಳು ಕೇಳಿದಳು. ಡಾಕ್ಟರು ನೇರವಾಗಿ, "ಗೊತ್ತಿಲ್ಲ. ಬೇಗ ಹಿಡಿದಿದ್ರೆ ಖಂಡಿತ ಅಂತಿದ್ದೆ" ಎಂದರು. ಆ ಮಾತು ನನಗೆ ನಾಟಿತು. ಬೇಗ ಹಿಡಿಯಬೇಕಾದವಳು ನಾನೇ ಅಲ್ಲವೇ?

ಹೊಸ ಹಾಳೆಗಳು ತಯಾರಾದವು. ಆದರೆ ಪ್ರಶ್ನೆ ಬದಲಾಗದೆ ಉತ್ತರ ಬದಲಾಗುವುದಿಲ್ಲವೆಂದು ನನಗೆ ಕಲಿಸಿದವಳು ಅವಳೇ. "ನಿನಗೆ ಎಂತ ಕಷ್ಟ ಅಂತ ಕೇಳಿದರೆ ಮರ್ಯಾದಸ್ಥರು ಯಾರಾದರೂ ಹೇಳುತ್ತಾರಾ? ಈ ಮದ್ದು ತಿನ್ನುವ ಬೇರೆಯವರಿಗೆ ಎಂತೆಲ್ಲ ಆಗ್ತದಂತೆ ಅಂತ ಕೇಳಿ. ಆಮೇಲೆ ನೋಡಿ." ಕೇಳಿದೆ. ಅಬ್ಬಬ್ಬಾ! ಉಡುಪಿಯ ಒಬ್ಬ ಹೋಟೆಲಿನ ಮಾಣಿ, ಆ ವಡೆ ಬಿಲ್ಲೆ ತಿಂದ ‘ಒಬ್ಬರಿಗೆ’ ದೋಸೆಯ ವಾಸನೆಗೇ ಹೊಟ್ಟೆ ತೊಳಸುತ್ತದಂತೆ ಎಂದು ಮುಕ್ಕಾಲು ಗಂಟೆ ವರ್ಣಿಸಿದ. ಕಾರ್ಕಳದವನು ‘ಒಬ್ಬ ದೂರದ ಪರಿಚಯದವನ’ ಕಿವಿಯ ಗುಂಯ್ ಸದ್ದನ್ನು ಬಾಯಲ್ಲೇ ಮಾಡಿ ತೋರಿಸಿದ. ನನ್ನ ಬಲಬದಿಯ ಜಾಗ ಸಾಲದೆ ಹಾಳೆಯ ಹಿಂದುಗಡೆಗೂ ಬರೆದೆ. ಡಾಕ್ಟರು ಓದುತ್ತ ಓದುತ್ತ, ಇಷ್ಟು ಕಷ್ಟಪಟ್ಟೂ ಇವರು ಬೆಲ್ಲ ನೀರು ಕೊಟ್ಟು ಕಳಿಸಿದರೇ ಎಂದು ಕನ್ನಡಕ ತೆಗೆದು ಒರೆಸಿಕೊಂಡರು. ಬಿಲ್ಲೆಯನ್ನು ಊಟದ ನಂತರ, ಎರಡು ಪಾಲು ಮಾಡಿ ಕೊಟ್ಟು ನೋಡಿದರು. ವಾಂತಿ ಎಷ್ಟೋ ಇಳಿಯಿತು. ದೊಡ್ಡವರಿಂದ ಕಾಗದವೂ ಬಂತು: ಹೊಸ ಮಾತ್ರೆ ಎಲ್ಲರಿಗೂ ಕೊಡಿ, ಅಧ್ಯಯನವನ್ನು ಹೊಸದಾಗಿ ಶುರುಮಾಡಿ.

ಕಾಪುವಿನವಳ ಕಾಲು ಮಾತ್ರ ಹಾಗೆಯೇ ಇತ್ತು. ಕ್ರಿಸ್ಮಸ್ ಕಳೆಯಿತು, ಸುಗ್ಗಿ ಕಳೆಯಿತು. ಪ್ರತಿ ವಾರ ಹೋಗಿ ಮೊದಲು ಕಾಲು ಹಿಡಿಯುತ್ತಿದ್ದೆ, ಆಮೇಲೆ ಮಾತು. ಅವಳಿಗೆ ಪಿತ್ತ ನೆತ್ತಿಗೇರುತ್ತಿತ್ತು. "ಮೀನು ತಿಂದು ತಿಂದು ಅಣ್ಣನ ದೋಣಿ ಬರಿದಾಯಿತು, ಹೊಗೆಸೊಪ್ಪು ಇಲ್ಲದೆ ನನ್ನ ಬಾಯಿ ಸತ್ತುಹೋಯಿತು, ಕಾಲು ಮಾತ್ರ ಎಲ್ಲಿ ಹೋಯಿತೋ ಗೊತ್ತಿಲ್ಲ" ಎಂದು ಬೈಯುತ್ತಿದ್ದಳು. ಮಾತ್ರೆಯನ್ನು ನಿಜಕ್ಕೂ ನುಂಗುತ್ತಿದ್ದಾಳೋ ಕಡಲಿಗೆ ಹಾಕುತ್ತಿದ್ದಾಳೋ ಎಂಬ ಅಳುಕು ನನ್ನನ್ನು ಬಿಡಲಿಲ್ಲ. ಕೇಳಲು ಧೈರ್ಯವಿಲ್ಲ. ಅವಳ ಬುಟ್ಟಿಯನ್ನು ಹೊತ್ತು ಶಿರ್ವದ ದಾರಿಯಲ್ಲಿ ಬೇರೆ ಹೆಂಗಸೊಬ್ಬಳು ಓಡತೊಡಗಿದ್ದಳು. ಅದನ್ನು ಬಸ್ಸಿನ ಕಿಟಕಿಯಿಂದ ಕಂಡ ದಿನ ನನಗೆ ಊಟ ಸೇರಲಿಲ್ಲ.

ಏಪ್ರಿಲ್ ತಿಂಗಳ ಒಂದು ನಡುಮಧ್ಯಾಹ್ನ ಹೋದಾಗ ಅವಳು ಮನೆಯಲ್ಲಿರಲಿಲ್ಲ. ದಡದಲ್ಲಿದ್ದಾಳೆ, ಬಲೆಯ ಕಡೆ, ಎಂದರು. ನಾನು ಚಪ್ಪಲಿ ಹಾಕಿಕೊಂಡು ತೆಂಗಿನ ಸಾಲು ದಾಟಿದೆ. ಅವಳು ದೂರದಲ್ಲಿ, ನೀರಿನ ಬದಿಯಲ್ಲಿ, ಒಣಮೀನಿನ ಬುಟ್ಟಿ ತಲೆಗೇರಿಸಿಕೊಂಡು ಈಚೆ ಬರಲು ಹೊರಟಿದ್ದಳು. ನಡುವೆ ಅಗಲವಾದ ಬಿಳಿ ಮರಳು, ನೋಡಿದರೇ ಕಣ್ಣು ಕುಕ್ಕುವಂತೆ ಕಾದಿತ್ತು. ಒದ್ದೆ ಮರಳಿನಲ್ಲಿ ಮೆಲ್ಲನೆ ಬಂದಳು. ಒಣಮರಳಿಗೆ ಕಾಲಿಟ್ಟಳು. ನಾಲ್ಕು ಹೆಜ್ಜೆ ಹಾಕಿದಳು. ಆಮೇಲೆ ಒಮ್ಮೆಲೇ ಕುಪ್ಪಳಿಸಿದಳು.

"ಅಯ್ಯಯ್ಯೋ! ಸುಡ್ತದೆ, ಸುಡ್ತದೆ!"

ಒಂದು ಕಾಲೆತ್ತಿ ಇನ್ನೊಂದು ಊರಿ, ಸೂರ್ಯನನ್ನು ಬೈದು, ಮರಳನ್ನು ಬೈದು, ಹುಟ್ಟಿಸಿದವರನ್ನೂ ಸೇರಿಸಿ ಬೈದು, ಒಂದು ಕೈಯಲ್ಲಿ ಬುಟ್ಟಿ ಒತ್ತಿಹಿಡಿದು ಓಡತೊಡಗಿದಳು. ನಾನು ಚಪ್ಪಲಿ ಅಲ್ಲೇ ಬಿಟ್ಟು ಅವಳೆಡೆಗೆ ಓಡಿದೆ. ಯಾಕೆ ಬಿಟ್ಟೆನೋ ನನಗೇ ಗೊತ್ತಿಲ್ಲ. ಅಂಗಾಲು ಚುರ್ ಎಂದಿತು. ನಡುದಾರಿಯಲ್ಲಿ ಇಬ್ಬರೂ ಎದುರಾದೆವು, ಇಬ್ಬರೂ ಕುಣಿಯುತ್ತಿದ್ದೆವು. ನನಗೆ ನಗು ಮತ್ತು ಅಳು ಒಟ್ಟಿಗೇ ಬಂತು.

"ಎಷ್ಟು ಸುಡುತ್ತದೆ?" ಎಂದು ಕೂಗಿ ಕೇಳಿದೆ.

"ಎಷ್ಟು ಅಂತ ಹೇಳುವುದು ಮಾರಾಯ್ತಿ, ಚರ್ಮ ಕಿತ್ತು ಬರ್ತದೆ! ಬರಕೊಳ್ಳಿ, ನಿಮ್ಮ ಡಾಕ್ಟರಿಗೆ ಬೇಜಾರಾದರೆ ಆಗಲಿ, ಬರಕೊಳ್ಳಿ!" ಎಂದು ಕಿರುಚುತ್ತ, ನನ್ನ ಕೈ ಹಿಡಿದು ಎಳೆದುಕೊಂಡು, ಅವಳು ತೆಂಗಿನ ನೆರಳಿನ ಕಡೆಗೆ ನನಗಿಂತ ಮುಂದೆ ಓಡಿದಳು.